ನೀಲಿ ರಿಬ್ಬನ್ನಿನ ಕುರ್ಚಿ ಹುಡುಕುವವರು

ಬೆಳಗಿನ ಐದೂಮುಕ್ಕಾಲು. ನಾಲ್ಕನೇ ಮಹಡಿಯಲ್ಲಿ ಇನ್ನೂ ದೀಪ ಹಾಕಿಲ್ಲ. ಕಿಟಕಿಯಾಚೆ ಆಕಾಶ ಆಗತಾನೇ ಬೆಳ್ಳಗಾಗುತ್ತಿದೆ. ಸಾಲು ಮೇಜುಗಳ ನಡುವೆ ಒಬ್ಬರು ಮಂಡಿಯೂರಿ, ಪುಟ್ಟ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಒಂದೊಂದೇ ಕುರ್ಚಿಯ ಅಡಿಗೆ ಇಣುಕುತ್ತಿದ್ದಾರೆ. ನೋಡಿದವರು ಉಂಗುರವೋ ಕೀಲಿಯೋ ಬಿದ್ದುಹೋಗಿದೆ ಎಂದುಕೊಳ್ಳಬೇಕು. ಆದರೆ ಅವರು ಹುಡುಕುತ್ತಿರುವುದು ಒಂದು ಕುರ್ಚಿಯನ್ನು. ಮುನ್ನೂರ ಹನ್ನೆರಡು ಕುರ್ಚಿಗಳ ನಡುವೆ ಒಂದೇ ಒಂದು ಕುರ್ಚಿಯನ್ನು. ಎಲ್ಲವೂ ಕಪ್ಪು, ಎಲ್ಲಕ್ಕೂ ಐದೈದು ಚಕ್ರ, ತಂದೆತಾಯಿಗೂ ಗುರುತು ಸಿಗದಷ್ಟು ಒಂದೇ ಥರ.

ಇಪ್ಪತ್ತಮೂರನೆಯ ಕುರ್ಚಿಯ ಅಡಿಯಲ್ಲಿ ಟಾರ್ಚಿನ ಬೆಳಕು ನಿಲ್ಲುತ್ತದೆ. ಸೀಟನ್ನು ಏರಿಸಿ ಇಳಿಸುವ ಹಿಡಿಗೆ ಒಂದು ನೀಲಿ ರಿಬ್ಬನ್ನು ಗಂಟು ಹಾಕಿದೆ. "ಸಿಕ್ಕಿದ್ಯಾ ತಾಯಿ" ಎಂದು ಅವರು ಕುರ್ಚಿಯನ್ನೇ ಮಾತನಾಡಿಸಿ, ಅದನ್ನು ತಳ್ಳಿಕೊಂಡು ಕಿಟಕಿ ಪಕ್ಕದ ಕಂಬದ ಹತ್ತಿರ ತಂದು ನಿಲ್ಲಿಸುತ್ತಾರೆ. ಎತ್ತರ ನೋಡುತ್ತಾರೆ, ಬೆನ್ನು ಒರಗುವ ಭಾಗವನ್ನು ಅಂಗೈಯಿಂದ ಒತ್ತಿ ನೋಡುತ್ತಾರೆ. ಆಮೇಲೆ ಎದ್ದು ತಮ್ಮ ಮಂಡಿಯನ್ನು ಎರಡೂ ಕೈಯಿಂದ ತಿಕ್ಕಿಕೊಳ್ಳುತ್ತಾರೆ.

ಈ ವಿಮಾ ಕಚೇರಿಯಲ್ಲಿ ಎಲ್ಲರೂ ಅವರನ್ನು ಕುರ್ಚಿ ಅಣ್ಣ ಎಂದೇ ಕರೆಯುತ್ತಾರೆ. ವಯಸ್ಸು ಐವತ್ತೇಳು. ಹತ್ತೊಂಬತ್ತು ವರ್ಷದಿಂದ ಇಲ್ಲಿನ ಕುರ್ಚಿಗಳ ಚಕ್ರ, ಬೋಲ್ಟು, ಸ್ಪಂಜು, ತೋಳುಗಳ ಯೋಗಕ್ಷೇಮ ಅವರದೇ. "ಕುರ್ಚಿಗೋಸ್ಕರ ಜನ ಎಷ್ಟು ಕಿತ್ತಾಡ್ತಾರೆ ನೋಡಿ. ನನ್ನ ಹತ್ರ ಮುನ್ನೂರ ಹನ್ನೆರಡು ಇದೆ, ಒಂದ್ರ ಮೇಲೂ ಕೂತಿಲ್ಲ" ಎಂದು ನಗುತ್ತಾರೆ. ಮಾತು ನಿಜ. ಮಧ್ಯಾಹ್ನದ ಊಟವನ್ನೂ ಅವರು ಸಾಮಾನು ಪೆಟ್ಟಿಗೆಯ ಮೇಲೆ ಕೂತೇ ಮುಗಿಸುತ್ತಾರೆ.

ಇಂದು ಮಾತ್ರ ನಗೆ ಅಷ್ಟು ಸಲೀಸಾಗಿ ಬರುತ್ತಿಲ್ಲ. ಇಂದು ಇಪ್ಪತ್ತೆರಡನೆಯ ದಿನ. ಕಿಟಕಿ ಮೇಡಂಗೆ ಕೊಟ್ಟ ಗಡುವಿನ ಕೊನೆಯ ದಿನ.

ಕಿಟಕಿ ಮೇಡಂ ಎಂಬುದು, ಅವರು ಕಿಟಕಿ ಪಕ್ಕ ಕೂರುವುದರಿಂದ, ಕುರ್ಚಿ ಅಣ್ಣನೇ ಇಟ್ಟ ಹೆಸರು. ಗ್ರಾಹಕರ ದೂರುಗಳನ್ನು ಫೋನಿನಲ್ಲಿ ಕೇಳುವ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇರುವವರು, ಇಬ್ಬರು ಹೆಣ್ಣುಮಕ್ಕಳ ತಾಯಿ. ನಾಲ್ಕು ವರ್ಷದ ಹಿಂದೆ ಬೆನ್ನುಮೂಳೆಯ ಡಿಸ್ಕ್ ಜಾರಿದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಲಾಗುತ್ತಿರಲಿಲ್ಲ. ಮನೆಯಿಂದ ಕೆಲಸ ಮಾಡುವ ಕಾಲ ಬಂದದ್ದರಿಂದ ಹೇಗೋ ಬಚಾವಾಗಿದ್ದರು. ಈಗ ಅವರ ವಿಭಾಗದವರು ವಾರಕ್ಕೆ ಐದೂ ದಿನ ಕಚೇರಿಗೇ ಬರಬೇಕೆಂಬ ಆದೇಶವಾಗಿದೆ. ತಮ್ಮ ಕಷ್ಟ ಹೇಳಿಕೊಂಡಾಗ ಸಿಕ್ಕ ಉತ್ತರ ಮೆತ್ತಗೇ ಇತ್ತು: "ಒಂದು ತಿಂಗಳು ಬಂದು ಕೂತು ನೋಡಿ. ಆಗದಿದ್ದರೆ ಆಮೇಲೆ ಯೋಚಿಸೋಣ." ಯೋಚಿಸುವುದೆಂದರೆ ಏನೆಂದು ಆ ಮಹಡಿಯಲ್ಲಿ ಎಲ್ಲರಿಗೂ ಗೊತ್ತು. ರಾಜೀನಾಮೆ ಪತ್ರಕ್ಕೆ ಬೇರೆ ಹೆಸರು ಅದು. ಒಂದು ತಿಂಗಳೆಂದರೆ ಇಪ್ಪತ್ತೆರಡು ಕೆಲಸದ ದಿನ.

ಇದೆಲ್ಲ ಶುರುವಾದದ್ದು ಲಾಕ್‌ಡೌನಿನಿಂದ ಕಚೇರಿ ಖಾಲಿಯಾದ ಕಾಲದಲ್ಲಿ. ಒಂದು ವಾರದೊಳಗೆ ಆರೂ ಮಹಡಿಗಳ ಜನ ಕಂಪ್ಯೂಟರು ಬಗಲಲ್ಲಿಟ್ಟುಕೊಂಡು ಮನೆ ಸೇರಿದರು. ಕುರ್ಚಿಗಳು ಇಲ್ಲೇ ಉಳಿದವು. ಕೂರುವವರಿಲ್ಲದ ಮೇಲೆ ಕುರ್ಚಿ ರಿಪೇರಿಯವರಿಗೆ ಏನು ಕೆಲಸ? ಆರು ತಿಂಗಳು ಅವರು ಅರ್ಧ ಸಂಬಳದಲ್ಲಿ ಮನೆಯಲ್ಲೇ ಇದ್ದರು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು, ಸಂಸಾರ ತೂಗಿಸಿದ್ದು ಆ ಹೊಲಿಗೆ ಮಿಷನ್ನು.

ಆರು ತಿಂಗಳಾದ ಮೇಲೆ ಎಲ್ಲ ಮನೆಗಳಿಂದಲೂ ಒಂದೇ ಗೋಳು ಬರತೊಡಗಿತು. ಸೊಂಟ, ಕತ್ತು, ಬೆನ್ನು. ಕಂಪನಿ ಒಂದು ವ್ಯಾನು ಮಾಡಿ, ಕುರ್ಚಿ ಅಣ್ಣನನ್ನು ಹತ್ತಿಸಿ, ಕುರ್ಚಿಗಳನ್ನು ಮನೆಮನೆಗೆ ಕಳಿಸಿತು. ದಿನಕ್ಕೆ ಒಂಬತ್ತು ಮನೆ. ಕಚೇರಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಂಡವರೆಲ್ಲ ಅವರಿಗೆ ಆಗ ಮನೆಯ ವೇಷದಲ್ಲಿ ಕಂಡರು.

"ಒಬ್ರು ಮಂಚದ ತುದೀಲಿ ಕೂತು, ಸೂಟ್‌ಕೇಸ್ ಮೇಲೆ ಕಂಪ್ಯೂಟರ್ ಇಟ್ಕೊಂಡು ಕೋಟಿಗಟ್ಟಲೆ ಲೆಕ್ಕ ನೋಡ್ತಿದ್ರು. ಒಂದು ಮನೇಲಿ ಗಂಡ ಹೆಂಡ್ತಿಗೆ ಒಂದೇ ಮೇಜು. ಮಧ್ಯಾಹ್ನದ ತನಕ ಅವ್ರು, ಆಮೇಲೆ ಇವ್ರು. ಪಾಪ, ಯಾರ ಮನೇಲೂ ಕೂರೋಕೆ ಅಂತ ಜಾಗ ಇರ್ಲಿಲ್ಲ" ಎನ್ನುತ್ತಾರೆ.

ಕಿಟಕಿ ಮೇಡಂ ಮನೆಯಲ್ಲಿ ಅವರು ಕಂಡದ್ದು ಇನ್ನೂ ಬೇರೆ. ಆಕೆ ಫ್ರಿಜ್ಜಿನ ಮೇಲೆ ಕಂಪ್ಯೂಟರು ಇಟ್ಟುಕೊಂಡು ನಿಂತೇ ಕೆಲಸ ಮಾಡುತ್ತಿದ್ದರು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಗ್ರಾಹಕರ ಬೈಗುಳ ಕೇಳುತ್ತ, "ಖಂಡಿತ ಸಾರ್, ನೋಡ್ತೀನಿ ಸಾರ್" ಎನ್ನುತ್ತ. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. "ಕುರ್ಚಿ ಬೇಡ ಅಣ್ಣ, ವಾಪಸ್ ತಗೊಂಡು ಹೋಗಿ. ನಂಗೆ ಕೂರೋಕೇ ಭಯ" ಎಂದರಂತೆ.

ಅವರು ಕುರ್ಚಿ ವಾಪಸ್ ತರಲಿಲ್ಲ. ಮೂರು ಭಾನುವಾರ ತಮ್ಮ ಖರ್ಚಿನಲ್ಲಿ ಬಸ್ಸು ಹತ್ತಿ ಆ ಮನೆಗೆ ಹೋದರು. ಸೀಟಿನ ಸ್ಪಂಜನ್ನು ಹಿಂಬದಿಯಲ್ಲಿ ಕೊಯ್ದು ತಗ್ಗಿಸಿದರು. ಸೊಂಟ ತಾಗುವಲ್ಲಿ ಹಳೆಯ ದಿಂಬಿನ ಹತ್ತಿ ತುಂಬಿ ಒಂದು ಉಬ್ಬು ಮಾಡಿದರು. ಅದರ ಹೊಲಿಗೆಯನ್ನು ಅವರ ಹೆಂಡತಿ ಹಾಕಿಕೊಟ್ಟರು. ಉಬ್ಬು ಕೆಳಗೆ ಜಾರದಂತೆ ಬಿಗಿಯಲು ದಾರ ಹುಡುಕುವಾಗ, ಮೇಡಂ ಅವರ ಕಿರಿಮಗಳು ಒಳಗಿನಿಂದ ತನ್ನ ಜಡೆಯ ನೀಲಿ ರಿಬ್ಬನ್ನು ತಂದು ಕೊಟ್ಟಳು. ಬಿಗಿದು ಮಿಕ್ಕಿದ ತುಂಡನ್ನು ಅವರು ಸೀಟಿನ ಅಡಿಯ ಹಿಡಿಗೆ ಸುಮ್ಮನೆ ಗಂಟು ಹಾಕಿದರು. ಮೂರನೇ ಭಾನುವಾರ ಆಕೆ ಒಂದು ಗಂಟೆ ಹತ್ತು ನಿಮಿಷ ಕೂತರು. ಆ ಹತ್ತು ನಿಮಿಷವನ್ನು ಬಿಟ್ಟು ಹೇಳಿದರೆ ಕುರ್ಚಿ ಅಣ್ಣ ಇವತ್ತಿಗೂ ಒಪ್ಪುವುದಿಲ್ಲ.

ಎರಡೂವರೆ ವರ್ಷದ ಮೇಲೆ ಕಚೇರಿ ಮತ್ತೆ ತೆರೆಯುವ ಸುದ್ದಿ ಬಂದಾಗ ಎಲ್ಲರಿಗಿಂತ ಹಿಗ್ಗಿದವರು ಅವರೇ. ಅವರ ಬಳಿ ಒಂದು ರೂಲು ಹಾಕಿದ ಪುಸ್ತಕವಿದೆ. ಯಾರ ಕುರ್ಚಿ ಎಷ್ಟು ಬೆರಳು ಎತ್ತರ, ಯಾರಿಗೆ ಬೆನ್ನು ಎಷ್ಟು ಓರೆ ಎಂದೆಲ್ಲ ಹಿಂದೆಯೇ ಅದರಲ್ಲಿ ಬರೆದಿಟ್ಟಿದ್ದರು. ನಾಲ್ಕು ದಿನ ಒಬ್ಬರೇ ಕೂತು, ಅಂದರೆ ಮಂಡಿಯೂರಿ, ಕಚೇರಿಯಲ್ಲಿ ಉಳಿದಿದ್ದ ಅಷ್ಟೂ ಕುರ್ಚಿಗಳನ್ನು ಪುಸ್ತಕದ ಪ್ರಕಾರ ಹೊಂದಿಸಿದರು. ಬಂದವರು ಕೂತ ಕೂಡಲೇ "ಅಬ್ಬಾ, ನಮ್ಮ ಜಾಗಕ್ಕೆ ಬಂದ್ವಿ" ಎನ್ನಬೇಕೆಂಬುದು ಅವರ ಆಸೆ.

ಮೊದಲ ದಿನ ಮಧ್ಯಾಹ್ನದೊಳಗೆ ನಲವತ್ತು ದೂರು ಬಂದವು. ಒಬ್ಬರಿಗೆ ಕುರ್ಚಿಯ ತೋಳು ಬಿಗಿ, ಒಬ್ಬರಿಗೆ ಕಾಲು ನೆಲಕ್ಕೆ ಸಿಗದು, ಒಬ್ಬರಿಗೆ ಒರಗಿದರೆ ಬಿದ್ದಂತಾಗುತ್ತದೆ. ಅಳತೆಯಲ್ಲಿ ಎಲ್ಲೂ ತಪ್ಪಿರಲಿಲ್ಲ. ಅಳತೆ ಹಳೆಯದಾಗಿತ್ತು, ಅಷ್ಟೇ. ಒಬ್ಬರು ಹನ್ನೊಂದು ಕೆಜಿ ಏರಿದ್ದರು. ಇನ್ನೊಬ್ಬರು ಕಾಯಿಲೆ ಬಿದ್ದೆದ್ದು ಅರ್ಧವಾಗಿದ್ದರು. ಒಬ್ಬಾಕೆ ಐದು ತಿಂಗಳ ಬಸುರಿ.

"ನಂಗೆ ನನ್ನ ಮೇಲೇ ಸಿಟ್ಟು ಬಂತು" ಎನ್ನುತ್ತಾರೆ ಅವರು, ಪುಸ್ತಕದ ಅಂಚು ಸವರುತ್ತ. "ಕುರ್ಚಿ ಹಂಗೇ ಇತ್ತು ಅಂತ ಜನಾನೂ ಹಂಗೇ ಇರ್ತಾರೆ ಅಂದ್ಕೊಂಡ್ನಲ್ಲ. ಮನೆ ಒಳಗೆಲ್ಲ ಹೋಗಿ ಬಂದವ್ನು ನಾನು, ನಂಗಾದ್ರೂ ಗೊತ್ತಿರ್ಬೇಕಿತ್ತು. ಪುಸ್ತಕ ಮುಚ್ಚಿಟ್ಟೆ. ಮೊದಲನೇ ಕುರ್ಚಿಯಿಂದ ಶುರು ಮಾಡ್ದೆ, 'ಈಗ ಹೇಗಿದ್ದೀರಿ, ಎಲ್ಲಿ ನೋಯತ್ತೆ' ಅಂತ."

ಅದಾಗಿ ಒಂದು ತಿಂಗಳಿಗೆ ಹೊಸ ಪದ್ಧತಿ ಬಂತು. ಅರ್ಧ ಜನ ಒಂದು ದಿನ ಬಂದರೆ ಮರುದಿನ ಮನೆಯಲ್ಲಿರುತ್ತಾರೆ. ಹಾಗಾಗಿ ಆರು ಮಹಡಿ ಮೂರಕ್ಕಿಳಿಯಿತು. ಯಾರಿಗೂ ಸ್ವಂತ ಜಾಗವಿಲ್ಲ, ಮೊದಲು ಬಂದವರು ಖಾಲಿಯಿದ್ದಲ್ಲಿ ಕೂರಬೇಕು, ಕುರ್ಚಿಗೆ ಹೆಸರಿನ ಚೀಟಿ ಅಂಟಿಸುವಂತಿಲ್ಲ. ಮನೆಗಳಲ್ಲಿದ್ದ ಕುರ್ಚಿಗಳೆಲ್ಲ ಲಾರಿಯಲ್ಲಿ ವಾಪಸ್ ಬಂದವು. ಕಡೆಯ ಲಾರಿಯಲ್ಲಿ ಬಂದದ್ದು ಕಿಟಕಿ ಮೇಡಂ ಕುರ್ಚಿ.

ಕಂಬದ ಪಕ್ಕದ ಆ ಜಾಗಕ್ಕೆ ಯಾರೂ ಮುಗಿಬೀಳುವುದಿಲ್ಲ, ಹನ್ನೊಂದರ ಮೇಲೆ ಅಲ್ಲಿ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಜಾಗ ಸಿಗುತ್ತದೆ, ಕುರ್ಚಿಯೇ ಇರುವುದಿಲ್ಲ. ಸಂಜೆ ಕಸ ಗುಡಿಸುವವರು ಎಲ್ಲವನ್ನೂ ಮೂಲೆಗೆ ತಳ್ಳುತ್ತಾರೆ. ಮೀಟಿಂಗ್ ಇದ್ದವರು ಕೈಗೆ ಸಿಕ್ಕಿದ್ದನ್ನು ಎಳೆದೊಯ್ಯುತ್ತಾರೆ. ಅದಕ್ಕೇ ಅವರ ದಿನ ಎಂಟರ ಬದಲು ಐದೂಮುಕ್ಕಾಲಕ್ಕೆ ಶುರುವಾಗುತ್ತದೆ. ಯಾರೂ ಹೇಳಿದ್ದಲ್ಲ, ಹಾಜರಿಯಲ್ಲಿ ಬರೆಯುವುದೂ ಇಲ್ಲ. ಹೀಗೆ ಗುರುತಿನ ಕುರ್ಚಿಗಳು ಹನ್ನೊಂದಾದವು. ಬಸುರಿ ಹೆಂಗಸಿನದಕ್ಕೆ ಕೆಂಪು ಉಲ್ಲನ್, ಒಂದು ಕಾಲು ಗಿಡ್ಡ ಇರುವ ಟೈಪಿಸ್ಟರದಕ್ಕೆ ಬೂಟಿನ ದಾರ. ಎಲ್ಲವೂ ಅಡಿಯಲ್ಲಿ, ಬಗ್ಗಿದವರಿಗೆ ಮಾತ್ರ ಕಾಣುವಂತೆ. ದಿನಕ್ಕೆ ಸುಮಾರು ಎಪ್ಪತ್ತು ಸಲ ಮಂಡಿಯೂರುತ್ತಾರೆ.

ಹದಿನೇಳನೆಯ ದಿನ ನೀಲಿ ರಿಬ್ಬನ್ನು ಎಲ್ಲೂ ಸಿಗಲಿಲ್ಲ. ಮೂರು ಮಹಡಿ ಜಾಲಾಡಿದರು. ಎಂಟೂವರೆಗೆ ಮೂರನೇ ಮಹಡಿಯ ಗಾಜಿನ ಕೋಣೆಯಲ್ಲಿ ಕುರ್ಚಿ ಕಂಡಿತು. ಅದರ ಮೇಲೆ ಕೂತಿದ್ದವರು ಸಾಕ್ಷಾತ್ ವಿಭಾಗದ ಮುಖ್ಯಸ್ಥರು, ಚೀಟಿ ಅಂಟಿಸಬಾರದೆಂದು ಆದೇಶ ಮಾಡಿದವರೇ.

"ಹತ್ತೊಂಬತ್ತು ವರ್ಷದಲ್ಲಿ ಕೂತವರನ್ನ ಏಳಿ ಅಂದವ್ನಲ್ಲ ನಾನು. 'ಸಾರ್, ಇದ್ರ ಬೋಲ್ಟ್ ಸಡಿಲ ಆಗಿದೆ, ಬೇರೆ ತಂದ್ಕೊಡ್ತೀನಿ' ಅಂದೆ. ಅವ್ರು 'ಬೇಡಪ್ಪ, ಇದ್ರಲ್ಲಿ ಕೂತ್ರೆ ನನ್ನ ಬೆನ್ನು ನೋಯ್ತಾ ಇಲ್ಲ' ಅಂದ್ಬಿಟ್ರು. ಸುಳ್ಳು ಹೇಳಿ ಅಭ್ಯಾಸ ಇಲ್ಲ ನೋಡಿ. ನಿಜಾನೇ ಹೇಳ್ದೆ. 'ಅದು ಒಬ್ರಿಗೋಸ್ಕರ ಮಾಡಿದ್ದು ಸಾರ್. ಇವತ್ತು ಸೇರಿ ಇನ್ನು ಆರು ದಿನ ಅವ್ರು ಅದ್ರ ಮೇಲೆ ಕೂತ್ರೆ ಅವ್ರ ಕೆಲ್ಸ ಉಳಿಯತ್ತೆ' ಅಂದೆ."

ಮುಖ್ಯಸ್ಥರು ಎದ್ದು, ಬಗ್ಗಿ, ರಿಬ್ಬನ್ನು ನೋಡಿದರಂತೆ. ಕುರ್ಚಿಯನ್ನು ತಾವೇ ಲಿಫ್ಟಿನವರೆಗೆ ತಳ್ಳಿಕೊಂಡು ಬಂದರು. ಬಾಗಿಲು ಮುಚ್ಚುವ ಮುಂಚೆ, "ಇಂಥವು ಎಷ್ಟಿವೆ?" ಎಂದರು. ಹನ್ನೊಂದು ಎಂದಾಗ, "ಹನ್ನೆರಡನೆಯದಕ್ಕೆ ಸಮಯ ಸಿಗತ್ತಾ?" ಎಂದು ಕೇಳಿದರು. ಈಗ ಅವರ ಕುರ್ಚಿಗೆ ಬಿಳಿ ದಾರವಿದೆ. ಚೀಟಿಯ ಆದೇಶ ಗೋಡೆಯ ಮೇಲೆ ಹಾಗೇ ಇದೆ. ದಾರದ ವಿಷಯ ಅದರಲ್ಲಿ ಬರೆದಿಲ್ಲ.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಕಿಟಕಿ ಮೇಡಂ ಬರುತ್ತಾರೆ. ಅವರು ಕೂರುವುದು ಒಂದು ವ್ರತದ ಹಾಗೆ. ಮೊದಲು ಕುರ್ಚಿಯ ಎರಡೂ ತೋಳು ಹಿಡಿಯುತ್ತಾರೆ, ಬಾಯಲ್ಲೇ ಒಂದು ಎರಡು ಮೂರು ಎಣಿಸುತ್ತಾರೆ, ನಿಧಾನ ಇಳಿಯುತ್ತಾರೆ. ಏಳುವಾಗಲೂ ಹೀಗೇ. ಎದ್ದ ಮೇಲೂ ಒಂದು ಗಳಿಗೆ ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾರೆ. "ಈ ಅಣ್ಣ ಇಲ್ಲದಿದ್ರೆ ನಾನು ಮೂರನೇ ದಿನಕ್ಕೇ ಮನೇಲಿರ್ತಿದ್ದೆ. ದೊಡ್ಡವಳ ಕಾಲೇಜು ಈ ಸಂಬಳದ ಮೇಲೇ ನಿಂತಿದೆ" ಎನ್ನುವಷ್ಟರಲ್ಲಿ ಫೋನು ಬರುತ್ತದೆ, ದನಿ ಬದಲಾಗುತ್ತದೆ: "ಖಂಡಿತ ಸಾರ್, ನೋಡ್ತೀನಿ ಸಾರ್."

ಕುರ್ಚಿ ಅಣ್ಣನಿಗೆ ಹೊಗಳಿಕೆ ಹಿಡಿಸುವುದಿಲ್ಲ. ದೂರ ಹೋಗಿ ಚಕ್ರಕ್ಕೆ ಎಣ್ಣೆ ಬಿಡುತ್ತ ಕೂರುತ್ತಾರೆ. "ಕುರ್ಚಿ ಚೆನ್ನಾಗಿದೆ ಅಂತ ಯಾರಾದ್ರೂ ಅಂದ್ರೆ ಇನ್ನೂ ಏನೋ ಬಾಕಿ ಇದೆ ಅಂತ ಲೆಕ್ಕ. ಸರಿಯಾಗಿದ್ರೆ ಅದು ನೆನಪೇ ಆಗಲ್ಲ. ಬೆನ್ನು ನೆನಪಾಗಲ್ಲ, ಕುರ್ಚಿ ನೆನಪಾಗಲ್ಲ, ನಾನಂತೂ ಆಗಲೇಬಾರ್ದು."

ಇವರ ಮನೆಯ ಕುರ್ಚಿಯ ಕಥೆ ಬೇರೆ. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಅಲುಗುತ್ತದೆ, ಅಡಿಗೆ ರಟ್ಟು ಮಡಚಿಟ್ಟಿದ್ದಾರೆ. "ನಾಳೆ ಸರಿ ಮಾಡ್ತೀನಿ ಅಂತ ಆರು ವರ್ಷ ಆಯ್ತು. ನಂಗೂ ಒಂದು ದಾರ ಕಟ್ಕೊಂಡು ಅವ್ರ ಆಫೀಸಲ್ಲೇ ಕೂತ್ಬಿಡೋಣ ಅನ್ಸತ್ತೆ" ಎಂದು ಹೊಲಿಗೆಯಿಂದ ತಲೆ ಎತ್ತದೆ ಹೆಂಡತಿ ಛೇಡಿಸುತ್ತಾರೆ. ಆ ಸೊಂಟದ ಉಬ್ಬಿನ ಹೊಲಿಗೆ ಬಿಟ್ಟಿಲ್ಲ ತಾನೇ ಎಂದು ಕೇಳುವುದನ್ನೂ ಮರೆಯುವುದಿಲ್ಲ.

ಸಂಜೆ ನಾಲ್ಕಕ್ಕೆ ಮೇಡಂಗೆ ಒಳಗಿನಿಂದ ಕರೆ ಬರುತ್ತದೆ. ಕುರ್ಚಿ ಅಣ್ಣ ಅದೇ ಒಂದು ಬೋಲ್ಟನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡುತ್ತಿದ್ದಾರೆ. ಹತ್ತು ನಿಮಿಷಕ್ಕೆ ಆಕೆ ಹೊರಬರುತ್ತಾರೆ, ಕಣ್ಣು ಕೆಂಪಗಿದೆ, ಮುಖದಲ್ಲಿ ನಗೆ. "ಮುಂದೇನೂ ಬರ್ತಾ ಇರಿ ಅಂದ್ರು ಅಣ್ಣ" ಎನ್ನುತ್ತಾರೆ. ಕುರ್ಚಿ ಅಣ್ಣ "ಒಳ್ಳೇದಾಯ್ತು ಬಿಡಿ ಮೇಡಂ" ಎಂದಷ್ಟೇ ಹೇಳಿ ಮೂಗು ಒರೆಸಿಕೊಳ್ಳುತ್ತಾರೆ.

ಆರಕ್ಕೆ ಮೇಡಂ ಮೊಬೈಲು ರಿಂಗಾಗುತ್ತದೆ. ಆ ಕಡೆ ಕಿರಿಮಗಳು. "ಹೂಂ ಕಣೇ, ಆಯ್ತು ಕಣೇ, ಹೊರಟೆ" ಎನ್ನುತ್ತ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚೀಲ, ಮಾತಿನ ಭರದಲ್ಲಿ ಆಕೆ ಎದ್ದೇಬಿಡುತ್ತಾರೆ. ಕುರ್ಚಿಯ ತೋಳು ಹಿಡಿಯಲಿಲ್ಲ, ಎಣಿಸಲಿಲ್ಲ, ನಿಲ್ಲಲಿಲ್ಲ. ನಗುತ್ತ ಲಿಫ್ಟಿನ ಕಡೆ ನಡೆದುಹೋಗುತ್ತಾರೆ.

ಕುರ್ಚಿ ಅಣ್ಣ ಕಂಬಕ್ಕೆ ಒರಗಿ ಅವರು ಹೋದ ದಾರಿಯನ್ನೇ ನೋಡುತ್ತಾರೆ. ಕುರ್ಚಿ ಇನ್ನೂ ಮೆಲ್ಲಗೆ ತಿರುಗುತ್ತಿದೆ.

"ನೋಡಿದ್ರಾ?" ಎನ್ನುತ್ತಾರೆ ಪಿಸುದನಿಯಲ್ಲಿ. "ಅದ್ರ ಕಡೆ ತಿರುಗಿ ಕೂಡ ನೋಡ್ಲಿಲ್ಲ."

ಆಮೇಲೆ ಮಂಡಿಯೂರಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ನೀಲಿ ರಿಬ್ಬನ್ನಿನ ಗಂಟನ್ನು ಇನ್ನೊಮ್ಮೆ ಬಿಗಿಯುತ್ತಾರೆ. ಸೋಮವಾರ ಬೆಳಗ್ಗೆ ಮತ್ತೆ ಹುಡುಕಬೇಕಲ್ಲ.