ಸ್ವಂತ ಕಲಿತವಳು

ಕನ್ನಡಕದ ಕೆಳಗಿನ ಅರ್ಧದಿಂದ ಪರದೆಯನ್ನು ನೋಡಬೇಕಾಗಿದ್ದುದರಿಂದ ಟೀಚರ್ ಯಾವಾಗಲೂ ಗದ್ದ ಮೇಲೆತ್ತಿಕೊಂಡು ಓದುತ್ತಿದ್ದರು. ಬಾಗಿಲಲ್ಲಿ ನಿಂತು ನೋಡಿದವರಿಗೆ ಅವರು ಕಂಪ್ಯೂಟರಿನ ಮೇಲೆ ಮುನಿಸಿಕೊಂಡಿದ್ದಾರೆ ಅನಿಸಬೇಕು. ತುಟಿಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ನಾವು ಬರೆದ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಅವು ಎಲ್ಲಿ ನಿಂತವೋ ಅಲ್ಲಿ ತಪ್ಪಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ಕಟಪಾಡಿ ಜಂಕ್ಷನ್ನಿನಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಅವರ ಕಂಪ್ಯೂಟರ್ ಕ್ಲಾಸು ಇತ್ತು. ಆರು ಕಂಪ್ಯೂಟರುಗಳು, ಒಂದು ಕರಿಹಲಗೆ, ಕಿಟಕಿ ತೆರೆದರೆ ಹೆದ್ದಾರಿಯ ಬಸ್ಸುಗಳ ಹಾರನ್ ಸದ್ದು. ನಾನು ಪಿಯುಸಿಯಲ್ಲಿ ಲೆಕ್ಕದಲ್ಲಿ ಫೇಲಾಗಿ ಮನೆಯಲ್ಲಿ ಕುಳಿತಿದ್ದೆ. ಅಪ್ಪ ಅದೇ ಜಂಕ್ಷನ್ನಿನಲ್ಲಿ ರಿಕ್ಷಾ ಓಡಿಸುತ್ತಿದ್ದರು. ಭಾನುವಾರ ಟೀಚರನ್ನು ಚರ್ಚಿಗೆ ಬಿಡುತ್ತಿದ್ದ ಪರಿಚಯದ ಮೇಲೆ ಒಂದು ದಿನ ನನ್ನನ್ನು ಮಾಳಿಗೆ ಹತ್ತಿಸಿ, "ಟೀಚರೇ, ಇವಳಿಗೆ ಎಂತಾದರೂ ಒಂದು ಕಲಿಸಿ" ಎಂದರು.

ಟೀಚರ್ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಕನ್ನಡ ಓದಲಿಕ್ಕೆ ಬರ್ತದಲ್ಲ?"

"ಬರ್ತದೆ."

"ಮತ್ತೆಂತ. ಕೂತುಕೋ."

ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮಿಬ್ಬರ ನಡುವೆ ಇದ್ದದ್ದು ಶಾಲೆಯಲ್ಲಿ ಕಲಿತ ಕನ್ನಡ. ಪ್ರೋಗ್ರಾಮ್ ಬರೆದಾದ ಮೇಲೆ ಅದನ್ನು ಆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. "ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ತೆಗೆ. ವಯಸ್ಸು ಹದಿನೆಂಟಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡು. ಇಲ್ಲದಿದ್ದರೆ ಬರೆದುಕೋ." ಹೀಗೆ. ನಡುವೆ ತಡವರಿಸಿದರೆ, "ಮಷಿನಿಗೆ ಅರ್ಥ ಆಗುವುದು ಆಮೇಲೆ. ಮೊದಲು ನನಗೆ ಅರ್ಥ ಆಗಲಿ ಮಾರಾಯ್ತಿ" ಎನ್ನುತ್ತಿದ್ದರು. ನಮ್ಮ ಕೀಬೋರ್ಡನ್ನು ಎಂದೂ ಮುಟ್ಟಿದವರಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಒಮ್ಮೆ ನಾನು ರೋಸಿ, ನೀವೇ ಸರಿ ಮಾಡಿಬಿಡಿ ಎಂದಾಗ, "ನಾನು ತಿದ್ದಿದರೆ ಅದು ನನ್ನ ಪ್ರೋಗ್ರಾಮ್ ಆಗ್ತದೆ. ನಿನ್ನದು ನಿನ್ನದೇ ಆಗಿರಲಿ" ಎಂದಿದ್ದರು.

ಆರು ತಿಂಗಳ ಕೋರ್ಸು ಮುಗಿಯಿತು. ನಾನು ಮತ್ತೆ ಎರಡು ವರ್ಷ ಹೋಗುತ್ತಲೇ ಇದ್ದೆ. ಸಾಕು ಎಂದು ಅವರು ಒಮ್ಮೆಯೂ ಹೇಳಲಿಲ್ಲ.

ಆಮೇಲೆ ಮಣಿಪಾಲದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸುತ್ತ ಎಲ್ಲರೂ ಎಂಜಿನಿಯರುಗಳು. ಸಂಜೆ ಹೊತ್ತು ನಾನು ಕನ್ನಡದಲ್ಲಿ ಪ್ರೋಗ್ರಾಮ್ ಓದಿ ವಿವರಿಸುವ ವೀಡಿಯೊಗಳನ್ನು ಮಾಡತೊಡಗಿದೆ. ಜನ ನೋಡಿದರು. ಜೊತೆಯಲ್ಲಿ ಕೆಲಸ ಮಾಡುವವಳೊಬ್ಬಳು, "ಹೆಸರು ಬೆಳೆಯಬೇಕಾದರೆ ನಿನ್ನ ಬಗ್ಗೆ ಜನರಿಗೆ ಒಂದು ಸಾಲು ನೆನಪಿರಬೇಕು. ನಿನ್ನ ಸಾಲು ಯಾವುದು?" ಎಂದು ಕೇಳಿದಳು. ವೀಡಿಯೊಗಳ ಪಕ್ಕದ ನನ್ನ ಪರಿಚಯದಲ್ಲಿ ಬರೆದೆ: ಕಾಲೇಜಿಲ್ಲ, ಕ್ಲಾಸಿಲ್ಲ, ಸ್ವಂತ ಕಲಿತವಳು.

ಪಿಯುಸಿ ದಾಟದವಳಿಗೆ ಕಾಲೇಜಿಲ್ಲ ಎಂಬುದು ನಿಜವೇ. ಉಳಿದದ್ದನ್ನು ಬರೆಯುವಾಗ ನನಗೆ ಅಳುಕಾಗಲಿಲ್ಲ ಎಂದರೆ ಸುಳ್ಳಾದೀತು. ದೊಡ್ಡ ಕಾಲೇಜಿನ ಹೆಸರಿದ್ದರೆ ಹೇಳಬಹುದಿತ್ತು, ಏನೂ ಇಲ್ಲದಿದ್ದರೆ ಅದೂ ಒಂದು ಕಥೆಯಾಗುತ್ತಿತ್ತು. ಬಟ್ಟೆ ಅಂಗಡಿಯ ಮಾಳಿಗೆ ಎರಡಕ್ಕೂ ಸಲ್ಲುವಂಥದ್ದಾಗಿರಲಿಲ್ಲ. ಸಾಲು ಜನರಿಗೆ ಹಿಡಿಸಿತು. ಹಿಂಬಾಲಕರು ಹೆಚ್ಚಿದರು. ಗಟ್ಟಿಯಾಗಿ ಓದುವ ಕ್ರಮಕ್ಕೆ ಜನ ನನ್ನ ಹೆಸರನ್ನೇ ಇಟ್ಟರು. ನಾನು ಬೇಡ ಎನ್ನಲಿಲ್ಲ.

ಮಣಿಪಾಲದಲ್ಲಿ ವಿದ್ಯಾರ್ಥಿಗಳ ಸಭೆಯೊಂದಕ್ಕೆ ನನ್ನನ್ನು ಕರೆದರು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, "ಮ್ಯಾಮ್, ಹೀಗೆ ಓದುವುದನ್ನು ನಿಮಗೆ ಯಾರು ಹೇಳಿಕೊಟ್ಟದ್ದು?" ಎಂದು ಕೇಳಿದಳು. ಅವಳ ಹಿಂದೆ, ಗೋಡೆಯ ಪಕ್ಕದ ಕುರ್ಚಿಯಲ್ಲಿ, ಗದ್ದ ಮೇಲೆತ್ತಿಕೊಂಡು ಟೀಚರ್ ಕುಳಿತಿದ್ದರು. ನಾನು ಅವರನ್ನು ನೋಡಿದೆ. ನೋಡಿಯೇ ಹೇಳಿದೆ.

"ಯಾರೂ ಇಲ್ಲ. ಬೇರೆ ದಾರಿ ಇರಲಿಲ್ಲ, ನಾನೇ ಕಂಡುಕೊಂಡೆ."

ಚಪ್ಪಾಳೆ ಬಿತ್ತು.

ಟೀಚರ್ ಬಾಗಿಲ ಬಳಿ ಕಾದಿದ್ದರು. ಕೈಯಲ್ಲಿ ಕೊಡೆ, ಹೆಗಲಿಗೆ ಹಳೆಯ ಬ್ಯಾಗು.

"ಚಂದ ಮಾತಾಡಿದಿ. ಮೂರನೆಯ ಸ್ಲೈಡಿನಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋಗಿದೆ, ನೋಡಿಕೋ."

"ಟೀಚರ್, ನಾನು..."

"ಸಪೂರ ಆಗಿದ್ದೀಯಲ್ಲ. ಸರಿ ಊಟ ಮಾಡುವುದಿಲ್ವಾ?" ಎಂದರು. ನಾನು ತಲೆಯಾಡಿಸಿದೆ. "ನನಗೆ ಬಸ್ಸುಂಟು ಈಗ" ಎಂದು ಹೊರಟುಬಿಟ್ಟರು. ಹಿಂದೆ ಹೋಗಬಹುದಿತ್ತು. ಹುಡುಗಿಯರು ಫೋಟೊಗೆ ಕರೆಯುತ್ತಿದ್ದರು, ನಾನು ಅತ್ತ ಹೋದೆ.

ಕೆಲವು ತಿಂಗಳಾದ ಮೇಲೆ ಅಪ್ಪ ಊಟಕ್ಕೆ ಕುಳಿತಾಗ ತುಳುವಿನಲ್ಲಿ ಮೆಲ್ಲಗೆ ಹೇಳಿದರು, "ಟೀಚರ್ ಕ್ಲಾಸು ನಿಲ್ಲಿಸುತ್ತಾರಂತೆ. ಮಕ್ಕಳೇ ಬರುವುದಿಲ್ಲವಂತೆ. ರಿಕ್ಷಾದಲ್ಲಿ ಒಬ್ಬರು ನನ್ನನ್ನೇ ಕೇಳಿದರು, ನಿಮ್ಮ ಮಗಳು ಕ್ಲಾಸಿಗೆ ಹೋಗದೆ ಕಲಿತಳಲ್ಲ, ಮತ್ತೆ ನಮ್ಮ ಮಕ್ಕಳನ್ನು ಯಾಕೆ ಕಳುಹಿಸುವುದು ಎಂದು."

"ನೀವು ಎಂತ ಹೇಳಿದಿರಿ?"

"ಎಂತ ಹೇಳುವುದು? ನೀನು ಹಾಗೆ ಹೇಳಿದ್ದಿ ಅಲ್ವಾ."

ಅಪ್ಪ ಕೈ ತೊಳೆಯಲು ಎದ್ದರು.

ಟೀಚರ್ ಮದುವೆಯಾದವರಲ್ಲ. ಕ್ಲಾಸು ನಿಲ್ಲಿಸಿ ಕಾರ್ಕಳದಲ್ಲಿದ್ದ ಅಕ್ಕನ ಮನೆಗೆ ಹೋದರು. ಮಣಿಪಾಲದಿಂದ ಕಾರ್ಕಳಕ್ಕೆ ಎಷ್ಟು ಹೊತ್ತಿನ ದಾರಿ? ಬರುವ ಭಾನುವಾರ ಹೋಗೋಣ, ಮೊದಲು ಒಂದು ವೀಡಿಯೊದಲ್ಲಿ ಅವರ ವಿಷಯ ಹೇಳಿ ಆಮೇಲೆ ಹೋಗೋಣ ಎಂದು ದಿನ ತಳ್ಳಿದೆ. ವೀಡಿಯೊ ಮಾಡಲು ಎರಡು ಸಲ ಕುಳಿತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಜನ ಕೇಳಿದರೆ ಏನು ಹೇಳಲಿ ಎಂದು ಎರಡು ಸಲವೂ ನಿಲ್ಲಿಸಿದೆ. ಅಷ್ಟರಲ್ಲಿ ಅವರಿಗೆ ಜ್ವರ ಬಂದು, ಎದೆಗೆ ಇಳಿದು, ಹತ್ತೇ ದಿನದಲ್ಲಿ ಹೋಗಿಬಿಟ್ಟರು. ನನಗೆ ಗೊತ್ತಾಗುವಾಗ ಮಣ್ಣಾಗಿ ವಾರ ಕಳೆದಿತ್ತು.

ಆ ಭಾನುವಾರ ಹೋದೆ. ಟೀಚರ ಅಕ್ಕ ಬಾಗಿಲು ತೆರೆದು, "ನೀವು ಯಾರು? ಅವಳ ಸ್ಟೂಡೆಂಟಾ?" ಎಂದು ಕೇಳಿದರು. ಹೌದು ಎಂದೆ. ಹೆಸರು ಕೇಳಿದರು, ಹೇಳಿದೆ.

"ಓ, ನೀವಾ. ಆದರೆ ನೀವು ಅವಳಲ್ಲಿ ಕಲಿತವರಲ್ಲ ಅಂತ ಅವಳೇ ಹೇಳಿದ್ದಳಲ್ಲ."

"ಯಾರಿಗೆ ಹೇಳಿದ್ದು?"

"ಕ್ಲಾಸು ನಿಲ್ಲಿಸುವ ಮೊದಲು ನಾಲ್ಕೈದು ಮಂದಿ ತಾಯಂದಿರು ಹೋಗಿ ಕೇಳಿದ್ದರಂತೆ, ವೀಡಿಯೊದ ಹುಡುಗಿ ನಿಮ್ಮಲ್ಲಿ ಕಲಿತದ್ದು ಹೌದಾ ಎಂದು. ಹೌದು ಅಂದಿದ್ದರೆ ಮಕ್ಕಳನ್ನು ಸೇರಿಸುತ್ತಿದ್ದರು. ಇವಳು ಇಲ್ಲ ಅಂದಳಂತೆ. ನಾನೂ ಕೇಳಿದೆ, ಗೊತ್ತಿಲ್ಲದವರ ಹೆಸರಾದರೂ ಹೇಳಿ ಜನ ಕ್ಲಾಸು ನಡೆಸುತ್ತಾರೆ, ನಿನಗೆಂತ ಎಂದು. ಅದಕ್ಕೆ ಅವಳು, 'ನಾನು ಹೌದು ಅಂದರೆ ಆ ಹುಡುಗಿ ಸುಳ್ಳು ಹೇಳಿದ ಹಾಗೆ ಆಗ್ತದೆ' ಅಂದಳು." ಅಕ್ಕ ತಡೆದು ಕೇಳಿದರು, "ಹಾಗಾದರೆ ನೀವು ಕಲಿತದ್ದು ಅವಳಲ್ಲಿಯೇ?"

ಹೌದು ಎಂದೆ. ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡರು. ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

ಈಗ ನನ್ನ ಪರಿಚಯದಲ್ಲಿ ಆ ಹಳೆಯ ಸಾಲು ಇಲ್ಲ. ಕಟಪಾಡಿಯ ಕ್ಲಾಸೊಂದರಲ್ಲಿ ಕಲಿತವಳು ಎಂದು ಬರೆದಿದ್ದೇನೆ, ಕಲಿಸಿದವರ ವಿಷಯವನ್ನು ಪ್ರತಿ ಸಭೆಯಲ್ಲಿಯೂ ಹೇಳುತ್ತೇನೆ. ಉಡುಪಿಯಿಂದ, ಕಾಪುವಿನಿಂದ, ಪೆರ್ಡೂರಿನಿಂದ ತಾಯಂದಿರು ಸಂದೇಶ ಕಳುಹಿಸುತ್ತಾರೆ: ಆ ಕ್ಲಾಸು ಎಲ್ಲಿ ಉಂಟು, ನಮ್ಮ ಮಗಳನ್ನು ಸೇರಿಸಬೇಕಿತ್ತು ಎಂದು. ಈಗ ಇಲ್ಲ ಎಂದು ಒಬ್ಬೊಬ್ಬರಿಗೂ ನಾನೇ ಉತ್ತರ ಬರೆಯುತ್ತೇನೆ.