ಹುಲಿಗೆಮ್ಮನ ಎಡಗಾಲು, ಪಾರ್ವತಿಯ ಆರು ವಾರ

ಕೋವಿಡ್ ವಾರ್ಡುಗಳನ್ನು ಮುಚ್ಚಿ ಮೂಳೆ ವಿಭಾಗವನ್ನು ನಮಗೆ ಮರಳಿ ಕೊಟ್ಟ ವರ್ಷ ಅದು. ನಾನು ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ಆರ್ಥೊಪೆಡಿಕ್ ಸರ್ಜನ್. ನಿವೃತ್ತಿಗೆ ಇನ್ನು ಮೂರು ವರ್ಷ ಉಳಿದಿತ್ತು. ಪ್ರತಿ ಗುರುವಾರ ಕುರುಗೋಡಿಗೆ ಹೋಗಿ ಹೊರರೋಗಿಗಳನ್ನು ನೋಡುತ್ತಿದ್ದೆ. ಪ್ಲಾಸ್ಟರ್ ಹಾಕುವ ಟೆಕ್ನಿಷಿಯನ್ ರಫೀಕ್ ಜೊತೆಗೆ ಬರುತ್ತಿದ್ದ.

ಅಂಥ ಒಂದು ಗುರುವಾರ ಬಾದನಹಟ್ಟಿಯ ಹುಲಿಗೆಮ್ಮ ಬಂದಳು. ನಲವತ್ತೆಂಟು ವಯಸ್ಸು, ಗಂಡ ತೀರಿಕೊಂಡಿದ್ದ. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಎಡಗಾಲಿನ ಒಳಬದಿಯ ಗಿಣ್ಣಿನ ಹಿಂದೆ ಬಾವು ಬಂದಿತ್ತು. ಮೊದಲು ಸರಿಯಾಗಿದ್ದ ಪಾದ ಒಂದು ವರ್ಷದಿಂದ ಚಪ್ಪಟೆಯಾಗುತ್ತ ಬಂದಿತ್ತು. ಗೋಡೆ ಹಿಡಿದು ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿ ಎತ್ತಲು ಹೇಳಿದೆ. ಆಗಲಿಲ್ಲ. ಹಿಂದಿನಿಂದ ನೋಡಿದರೆ ಹಿಮ್ಮಡಿ ಹೊರಕ್ಕೆ ವಾಲಿತ್ತು, ಕಾಲ್ಬೆರಳುಗಳು ಹೊರಬದಿಗೆ ಇಣುಕುತ್ತಿದ್ದವು.

ಮೀನಖಂಡದ ಒಳಗಿನಿಂದ ಇಳಿದು, ಗಿಣ್ಣಿನ ಹಿಂದೆ ಹಾದು, ಪಾದದ ಕಮಾನನ್ನು ಎತ್ತಿ ಹಿಡಿಯುವ ಒಂದು ಟೆಂಡನ್, ಅಂದರೆ ಸ್ನಾಯುರಜ್ಜು, ಇದೆ. ಅದಕ್ಕೆ ಟಿಬಿಯಾಲಿಸ್ ಪೋಸ್ಟೀರಿಯರ್ ಎನ್ನುತ್ತೇವೆ. ನಡುವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ, ಅದು ಹಳೆಯ ಹಗ್ಗದಂತೆ ಎಳೆಎಳೆಯಾಗಿ ಸವೆಯುತ್ತದೆ. ಸವೆದಂತೆ ಕಮಾನು ಕುಸಿಯುತ್ತದೆ. ಬೇಗ ಗೊತ್ತಾದರೆ ಪ್ಲಾಸ್ಟರ್ ಹಾಕಿ ವಿಶ್ರಾಂತಿ ಕೊಟ್ಟು, ಆಮೇಲೆ ಕಮಾನಿಗೆ ಆಸರೆ ಕೊಡುವ ಚಪ್ಪಲಿ ಹಾಕಿಸಿ ನಿಭಾಯಿಸಬಹುದು.

"ಮೂಟಿ ಎತ್ತೋ ಕೆಲಸ ಏನರ ಐತೇನು?" ಎಂದು ಕೇಳಿದೆ.

"ಇಲ್ರಿ ಸರ್. ಮೂಟಿ ಎಲ್ಲಿ ಎತ್ತಲಿ ನಾ."

ಆರು ವಾರ ಪ್ಲಾಸ್ಟರ್, ಆ ಕಾಲು ನೆಲಕ್ಕೆ ಊರಬಾರದು ಎಂದೆ. ಅವಳ ಮುಖ ಸಪ್ಪಗಾಯಿತು. "ಅಷ್ಟು ದಿನ ಆಗಂಗಿಲ್ರಿ. ಒಂದು ನಾಕು ದಿನಕ್ಕ ಮುಗಿಯೂದು ಇಲ್ಲೇನ್ರಿ?" ಎಂದಳು. ಯಾಕೆ ಆಗುವುದಿಲ್ಲ ಎಂದು ನಾನು ಕೇಳಲಿಲ್ಲ. ಹೊರಗೆ ಸಾಲು ಉದ್ದವಿತ್ತು.

ಎರಡು ವಾರಕ್ಕೆ ಬಂದಾಗ ಪ್ಲಾಸ್ಟರಿನ ಅಡಿ ಪುಡಿಯಾಗಿತ್ತು. ಬೈದು ಹೊಸದು ಹಾಕಿಸಿದೆ. ಅದೂ ಹತ್ತೇ ದಿನಕ್ಕೆ ಮುರಿಯಿತು. ಈ ಸಲ ಎಲ್ಲರೆದುರು ದನಿ ಏರಿಸಿದೆ. "ನಿನ್ನ ಕಾಲಿನ ಕಾಳಜಿ ನಿನಗ ಇಲ್ಲಂದ ಮ್ಯಾಲೆ ನಾ ಏನು ಮಾಡ್ಲಿ? ಹೇಳಿದ್ದು ಕೇಳಂಗಿಲ್ಲಂದ್ರ ಇಲ್ಲಿಗೆ ಬರಬ್ಯಾಡ."

ಅವಳು ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಮತ್ತೆ ಬರಲಿಲ್ಲ.

ನಾಲ್ಕೈದು ತಿಂಗಳಾದ ಮೇಲೆ ರಫೀಕ್, "ಸರ್, ಬಾದನಹಟ್ಟಿ ಹೆಣ್ಮಗಳ ಸುದ್ದಿ ಗೊತ್ತಾತ್ರಿ. ಅಕಿ ಮನ್ಯಾಗ ನಡಿಯಾಕ ಬರದ ಮಗಳದಾಳಂತ" ಎಂದ. ಸಿರುಗುಪ್ಪದಲ್ಲಿರುವ ನನ್ನ ಅಕ್ಕನ ಮನೆಗೆ ಹೊರಟಿದ್ದ ಒಂದು ಭಾನುವಾರ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಾದನಹಟ್ಟಿಗೆ ಹೋದೆ.

ನಾವು ಹೋದಾಗ ಹುಲಿಗೆಮ್ಮ ಮಗಳಿಗೆ ಸ್ನಾನ ಮಾಡಿಸಿ ಬಚ್ಚಲಿನಿಂದ ಎತ್ತಿಕೊಂಡು ಬರುತ್ತಿದ್ದಳು. ಹುಡುಗಿಯ ಹೆಸರು ಪಾರ್ವತಿ, ಹತ್ತೊಂಬತ್ತು ವರ್ಷ, ತಾಯಿಯಷ್ಟೇ ಉದ್ದ. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಸೆಟೆದಿದ್ದವು. ಒಳಗೆ ಹೋಗಲು ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಹುಲಿಗೆಮ್ಮನ ಎಡಪಾದ ಒಳಕ್ಕೆ ಮಗುಚಿ ನೆಲಕ್ಕೆ ಒತ್ತುತ್ತಿತ್ತು. ನಾನು ಅಂಗಳದಲ್ಲಿ ನಿಂತೇ ಇದ್ದೆ.

"ಇದನ್ನ ಅವತ್ತೇ ಯಾಕ ಹೇಳಲಿಲ್ಲವ್ವ?"

"ನೀವು ಮೂಟಿ ಅಂತ ಕೇಳಿದ್ರಿ ಸರ್," ಎಂದಳು. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ.

ಪಾರ್ವತಿಯ ಮಾತು ತೊದಲು, ಆದರೆ ತಿಳಿವಳಿಕೆ ಚೆನ್ನಾಗಿತ್ತು. ತಾಯಿ ಚಹಾ ಮಾಡಲು ಒಳಗೆ ಹೋದಾಗ ನನ್ನನ್ನು ಹತ್ತಿರ ಕರೆದಳು. "ಅವ್ವ... ಅಳ್ತಾಳ. ಕಾಲು ನೋವು. ನನ್ನ... ಎಲ್ಲ್ಯರ ಇಡ್ರಿ. ಅವ್ವನ ಕಾಲು ಮಾಡ್ರಿ." ಒಂದೊಂದು ಶಬ್ದಕ್ಕೂ ಅವಳ ಕತ್ತು ಬಿಗಿಯುತ್ತಿತ್ತು.

ಪರೀಕ್ಷಿಸಿದಾಗ ಹುಲಿಗೆಮ್ಮನ ಟೆಂಡನ್ ಪೂರ್ತಿ ಸವೆದಿತ್ತು. ಪಾದ ಇನ್ನೂ ಗಡುಸಾಗಿರಲಿಲ್ಲವಾದ್ದರಿಂದ ಆಪರೇಷನ್ ಮಾಡಬಹುದಿತ್ತು. ಬೆರಳು ಮಡಿಸುವ ಟೆಂಡನ್ ಒಂದನ್ನು ಸವೆದದ್ದರ ಜಾಗಕ್ಕೆ ಜೋಡಿಸಿ, ಹಿಮ್ಮಡಿಯ ಮೂಳೆಯನ್ನು ಕತ್ತರಿಸಿ ಒಳಕ್ಕೆ ಸರಿಸಿ ಸ್ಕ್ರೂ ಹಾಕಬೇಕು. ಆಮೇಲೆ ಆರು ವಾರ ಕಾಲು ಊರುವಂತಿಲ್ಲ. ಹುಲಿಗೆಮ್ಮ ಒಪ್ಪಲಿಲ್ಲ. ಒಪ್ಪಿಸಿದ್ದು ನಾನು ಮತ್ತು ಪಾರ್ವತಿ. ಸಿರುಗುಪ್ಪದ ಕಡೆ ಪಾರ್ವತಿಯಂಥವರನ್ನು ನೋಡಿಕೊಳ್ಳುವ ಒಂದು ಸಣ್ಣ ಆರೈಕೆ ಮನೆ ಇತ್ತು. ಆರು ವಾರಕ್ಕೆ ಅಲ್ಲಿ ಜಾಗ ಗೊತ್ತುಮಾಡಿದೆ. ದಿನಾ ಹೋಗಿ ನೋಡಲು ಅಕ್ಕನಿಗೆ ಹೇಳಿದೆ. ಪಾರ್ವತಿಯ ಮಾತ್ರೆಗಳ ಪಟ್ಟಿಯನ್ನು ಕೈಯಾರೆ ಬರೆದುಕೊಟ್ಟೆ.

ಬಳ್ಳಾರಿಯಲ್ಲಿ ಆಪರೇಷನ್ ಚೆನ್ನಾಗಿ ಆಯಿತು. ಹುಲಿಗೆಮ್ಮನ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲವಾದ್ದರಿಂದ ಅವಳನ್ನು ವಾರ್ಡಿನಲ್ಲೇ ಇರಿಸಿಕೊಂಡೆ. ದಿನಾ ಸಂಜೆ ಅಕ್ಕ ಫೋನ್ ಹಚ್ಚಿಕೊಟ್ಟರೆ ತಾಯಿ, ಮಗಳು ಮಾತಾಡುತ್ತಿದ್ದರು. "ಉಂಡೇನು?" ಎಂಬುದೇ ತಾಯಿಯ ಮೊದಲ ಪ್ರಶ್ನೆ.

ನಾಲ್ಕನೆಯ ವಾರ ಪಾರ್ವತಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಅಕ್ಕನ ಫೋನು ಬಂತು. ಹುಡುಗಿಗೆ ಉಸಿರಾಡಲು ಆಗುತ್ತಿಲ್ಲ, ಸಿರುಗುಪ್ಪದಲ್ಲಿ ಆಸ್ಪತ್ರೆಗೆ ಸೇರಿಸಿದ್ದಾರೆ. ಪ್ಲಾಸ್ಟರ್ ಕಾಲಿನ ಹುಲಿಗೆಮ್ಮನನ್ನು ನಾನು, ರಫೀಕ್ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಅವಳು ಅಳಲಿಲ್ಲ. "ಅಕಿಗೆ ಮಲಗಿಸಿ ಉಣಿಸಿದ್ರೇನ್ರಿ?" ಎಂದು ಒಂದೇ ಮಾತು ಕೇಳಿದಳು. "ತೊಡಿ ಮ್ಯಾಲೆ ಕುಂದರಿಸಿಕೊಂಡು, ಗದ್ದ ಹಿಡಿದು ಉಣಿಸಬೇಕು. ಇಲ್ಲಂದ್ರ ಅನ್ನ ಅಡ್ಡದಾರಿ ಹಿಡೀತೈತಿ."

ಅದನ್ನು ನಾನು ಅವಳಲ್ಲಿ ಕೇಳಿರಲಿಲ್ಲ. ನನ್ನ ಪಟ್ಟಿಯಲ್ಲಿ ಮಾತ್ರೆಗಳಿದ್ದವು, ತುತ್ತು ಇಡುವ ರೀತಿ ಇರಲಿಲ್ಲ. ಊಟ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿತ್ತು. ನಾವು ಮುಟ್ಟುವ ಹೊತ್ತಿಗೆ ಮುಗಿದುಹೋಗಿತ್ತು. ಹುಲಿಗೆಮ್ಮ ಸ್ಟ್ರೆಚರಿನ ಮೇಲಿದ್ದ ಮಗಳನ್ನು ತೋಳಿಗೆ ತೆಗೆದುಕೊಳ್ಳಲು ಹೋದಳು. ಒಂದು ಕಾಲಿನ ಮೇಲೆ ಅವಳಿಗೆ ಆಗಲಿಲ್ಲ. ರಫೀಕ್ ಹಿಂದಿನಿಂದ ಅವಳನ್ನು ಹಿಡಿದುಕೊಂಡ.

ಆರು ತಿಂಗಳ ಮೇಲೆ ತಪಾಸಣೆಗೆ ಒಬ್ಬಳೇ ಬಸ್ಸಿನಲ್ಲಿ ಬಳ್ಳಾರಿಗೆ ಬಂದಳು. ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು, ಕಮಾನು ನಿಂತಿತ್ತು, ನೋವಿರಲಿಲ್ಲ. ಇದಕ್ಕಿಂತ ಒಳ್ಳೆಯ ಫಲಿತಾಂಶ ನನ್ನ ಕೈಯಲ್ಲಿ ಇನ್ನೊಂದು ಬಂದಿಲ್ಲ. ಚೀಟಿ ಕೊಟ್ಟ ಮೇಲೂ ಅವಳು ಏಳಲಿಲ್ಲ.

"ಕೊನಿಗೆ ಅಕಿ ನನ್ನ ಕರದ್ಲೇನ್ರಿ ಸರ್?"

ಇಲ್ಲ, ನಿದ್ದೆಯಲ್ಲೇ ಹೋದಳು ಎನ್ನಬಹುದಿತ್ತು. ಆದರೆ ಅಕ್ಕ ಎಲ್ಲವನ್ನೂ ನನಗೆ ಹೇಳಿದ್ದಳು. "ಕರದ್ಲವ್ವ. ನಿಮ್ಮವ್ವ ದಾರ್ಯಾಗದಾಳ ಅಂತ ನಮ್ಮಕ್ಕ ಹೇಳಿದ್ಲು. ಬಾಗಿಲ ಕಡಿಗೆ ನೋಡ್ಕೊಂತ ಇದ್ಲಂತ."

"ದಾರ್ಯಾಗೇ ಇದ್ನಲ್ರಿ," ಎಂದಳು ಹುಲಿಗೆಮ್ಮ. ಚೀಟಿ ಮಡಿಸಿಕೊಂಡು ಎದ್ದಳು. ನೆಟ್ಟಗೆ ನಡೆದು ಹೋದಳು.

ಈಗ ನಿವೃತ್ತನಾಗಿದ್ದೇನೆ. ಕಲಿಯಲು ಬರುವ ಕಿರಿಯ ವೈದ್ಯರಿಗೆ ಟೆಂಡನ್ ಸವೆತದ ಹಂತಗಳನ್ನು ಹೇಳಿಕೊಡುವ ಮೊದಲು, ರೋಗಿಯ ಮನೆಯಲ್ಲಿ ಯಾರಿದ್ದಾರೆ, ಅವರು ಹೇಗೆ ಉಣ್ಣುತ್ತಾರೆ ಎಂದು ಕೇಳಿ ಬರೆದುಕೊಳ್ಳಿ ಎನ್ನುತ್ತೇನೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯದಿದ್ದರೆ ಇಬ್ಬರನ್ನೂ ದಾಖಲು ಮಾಡಿಕೊಳ್ಳಿ ಎನ್ನುತ್ತೇನೆ. ಕೆಲವರು, ನಿಯಮದಲ್ಲಿ ಅದಕ್ಕೆ ಅವಕಾಶ ಇದೆಯೇ ಸರ್, ಎನ್ನುತ್ತಾರೆ. ನಾನು ಆಗ ನಿಯಮ ಏನೆಂದು ವಿಚಾರಿಸಲೂ ಇಲ್ಲ. ಆ ನಾಲ್ಕು ವಾರವೂ ವಾರ್ಡಿನಲ್ಲಿ ಹುಲಿಗೆಮ್ಮನ ಪಕ್ಕದ ಮಂಚ ಖಾಲಿ ಇತ್ತು. ದಿನಾ ಬೆಳಿಗ್ಗೆ ಅವಳ ಕಾಲು ನೋಡಲು ಹೋದಾಗ ನಾನು ಕೂರುತ್ತಿದ್ದದ್ದು ಅದರ ಮೇಲೆಯೇ.