ಚಲುವಮ್ಮ ನೆಟ್ಟಿಗೆ ಸರದಿ ಹಾಕಿದ್ದು

ಮೈತ್ರಿ "ಆ" ಎಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು. ರೆಪ್ಪೆ ಬಡಿಯಲಿಲ್ಲ, ತುಟಿ ಅಲುಗಲಿಲ್ಲ, ಎತ್ತಿದ ಕೈ ಎತ್ತಿದಲ್ಲೇ ಇತ್ತು. ಪಕ್ಕದಲ್ಲಿ ಇಡ್ಲಿ ಮುರಿಯುತ್ತಿದ್ದ ಸಂಘಮಿತ್ರಾ ತುಂಡನ್ನು ತಟ್ಟೆಗೆ ಬಿಟ್ಟಳು. ಮಗಳ ಭುಜ ಹಿಡಿದು ಅಲುಗಿಸಬೇಕು ಎನ್ನುವಷ್ಟರಲ್ಲಿ ಮಗು "ನೆ" ಎಂದು ಮಾತು ಮುಗಿಸಿ, ಏನೂ ಆಗಿಲ್ಲವೆಂಬಂತೆ ಕ್ಯಾಲೆಂಡರಿನ ಆನೆಯತ್ತ ಬೆರಳು ತೋರಿಸಿತು.

ಇದೇ ಮೊದಲಲ್ಲ. ಕೆಲವು ವಾರಗಳಿಂದ ಹೀಗೇ ನಡೆದಿತ್ತು. ಸಂಘಮಿತ್ರಾ ತಾರಸಿ ಹತ್ತಿ ಫೋನಿನಲ್ಲಿ ಹುಡುಕಿದ್ದಳು. ಹುಡುಕಿದಷ್ಟೂ ಹೊಸ ಹೊಸ ಕಾಯಿಲೆಗಳ ಹೆಸರು ಬರುತ್ತಿದ್ದವು, ಒಂದಕ್ಕಿಂತ ಒಂದು ಭಯ. ಕೆಳಗಿಳಿದು ಬಂದು ಮಗುವಿನ ಹಣೆ ಮುಟ್ಟಿ ನೋಡುತ್ತಿದ್ದಳು, ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಗೊತ್ತಿದ್ದರೂ.

ಮೈತ್ರಿಗೆ ನಾಲ್ಕು ತುಂಬುತ್ತಾ ಬಂದಿತ್ತು. ವಾರಿಗೆಯ ಮಕ್ಕಳು ಅಜ್ಜಿಯರ ಜೊತೆ ಜಗಳಕ್ಕೆ ನಿಲ್ಲುವ ವಯಸ್ಸಿನಲ್ಲಿ ಇವಳದು ಇನ್ನೂ ಬಿಡಿ ಬಿಡಿ ಪದ. ಮೈಸೂರಿನಲ್ಲಿ ಮಾತು ಕಲಿಸುವ ಮಧುಶ್ರೀ ಮೇಡಂ ಹತ್ತಿರ ಕರೆದುಕೊಂಡು ಹೋದರೆ ದಾರಿಯುದ್ದಕ್ಕೂ ವಾಂತಿ, ಅಲ್ಲಿ ತಲುಪುವ ಹೊತ್ತಿಗೆ ಬಾಯಿಗೆ ಬೀಗ. ಕೊನೆಗೆ ಮೇಡಮ್ಮೇ ವಿಡಿಯೊ ಕಾಲ್‌ನಲ್ಲಿ ಪಾಠ ಮಾಡೋಣ ಎಂದರು. ಸೋಸಲೆಯ ಆ ಬೀದಿಯಲ್ಲಿ ಮೊಬೈಲ್ ಸಿಗ್ನಲ್ಲು ತಾರಸಿ ಹತ್ತಿದರೆ ಉಂಟು, ಇಳಿದರೆ ಇಲ್ಲ. ಅದಕ್ಕೇ ಮನೆಗೆ ನೆಟ್ ಹಾಕಿಸಿದ್ದು. ನರಸೀಪುರದ ಕೇಬಲ್ ಆಫೀಸಿನ ರವಿಚಂದ್ರ ಬಂದು, ನಡುಮನೆಯ ಬುದ್ಧನ ಪಟದ ಪಕ್ಕದಲ್ಲಿ ಮೊಳೆ ಹೊಡೆದು, ಎರಡು ಕೊಂಬಿನ ಕರಿ ಡಬ್ಬಿಯನ್ನು ತೂಗುಹಾಕಿ, "ಅನ್‌ಲಿಮಿಟೆಡ್ ಪ್ಲಾನು ಕಣಕ್ಕ. ಎಷ್ಟು ಬಳಸುದ್ರೂ ಮುಗಿಯೋ ಮಾತೇ ಇಲ್ಲ" ಎಂದು ಹೇಳಿ ಹೋಗಿದ್ದ.

ಆ ಮಾತನ್ನು ಸಂಘಮಿತ್ರಾ ಒಂದು ರೀತಿ ಕೇಳಿಸಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಅವಳ ಅತ್ತೆ ಚಲುವಮ್ಮ ಇನ್ನೊಂದು ರೀತಿ ಕೇಳಿಸಿಕೊಂಡಳು.

ಚಲುವಮ್ಮ ಹೆಡತಲೆ ಊರಿನ ಹೆಣ್ಣು. ಸೋಸಲೆಯ ದೊಡ್ಡಮಾದಯ್ಯನನ್ನು ಕೈಹಿಡಿದು ಬಂದಾಗ ಅವನು ಊರಿನ ನೀರುಗಂಟಿ. ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ಸರದಿ ನೋಡಿಕೊಳ್ಳುವ ಕೆಲಸ. ಮಂಡಿ ನೋವು ಬಂದು ಅವನು ಕುಂತ ಮೇಲೆ ಗುದ್ದಲಿ ಹೆಗಲಿಗೇರಿಸಿಕೊಂಡು ನಾಲೆಯ ಏರಿ ಮೇಲೆ ಓಡಾಡಿದವಳು ಇವಳೇ. "ಸೀರೆ ಉಟ್ಟ ನೀರುಗಂಟಿ ಬಂತು ಕಣ್ರಲಾ" ಎಂದು ಗದ್ದೆಯವರು ನಗುತ್ತಿದ್ದರಂತೆ. ನಕ್ಕವರ ಗದ್ದೆಗೆ ನೀರು ತಡವಾಗುತ್ತಿತ್ತು ಎಂದು ಕೆಲವರು ಈಗಲೂ ಹೇಳುತ್ತಾರೆ; ಅವಳು ಮಾತ್ರ ಒಪ್ಪುವುದಿಲ್ಲ. ದೊಡ್ಡಮಾದಯ್ಯ ಹೋದ ಮೇಲೆ ಆ ಕೆಲಸ ಬೇರೆಯವರ ಪಾಲಾಯಿತು, ಏರಿ ಮೇಲಿನ ನಡಿಗೆ ಮಾತ್ರ ಇವಳ ಕಾಲಲ್ಲೇ ಉಳಿಯಿತು. ಬೀದಿಯ ಮೊದಲ ನಲ್ಲಿ ಬಂದಿದ್ದು ಅವಳ ಮನೆ ಮುಂದೆ. ಮೊದಲ ಟಿವಿ ಬಂದಾಗ ಮಗ ಮಹೇಂದ್ರನಿಗೇ ಕೂರಲು ಜಾಗವಿಲ್ಲದಂತೆ ನಡುಮನೆ ತುಂಬಿರುತ್ತಿತ್ತು. ಬಾಗಿಲು ಮುಚ್ಚಿ ತನ್ನಷ್ಟಕ್ಕೆ ಏನನ್ನಾದರೂ ಇಟ್ಟುಕೊಂಡು ಅವಳಿಗೆ ಅಭ್ಯಾಸವಿಲ್ಲ. ಮೈಸೂರಿನ ಬಾಡಿಗೆ ಮನೆಗಳಲ್ಲಿ, ಬಾಗಿಲು ಹಾಕಿಕೊಂಡೇ ಓದಿ ಬೆಳೆದ ಸಂಘಮಿತ್ರಾಳಿಗೆ ಇದು ಅರ್ಥವಾಗಲು ವರ್ಷಗಳೇ ಬೇಕಾದವು. ಪೂರ್ತಿ ಅರ್ಥವಾಗಿರಲೂ ಇಲ್ಲ.

ತಿಂಗಳ ಮೊದಲಲ್ಲಿ ಪಾಠ ಚೆನ್ನಾಗಿಯೇ ನಡೆಯುತ್ತಿತ್ತು, ಮೇಡಮ್ಮಿನ ನಾಲಿಗೆ ಹಲ್ಲಿಗೆ ತಾಗುವುದು ಕೂಡ ಕಾಣುತ್ತಿತ್ತು. ದಿನ ಕಳೆದ ಹಾಗೆ ಮುಖ ಚೌಕ ಚೌಕವಾಗಿ ಒಡೆಯುವುದು, ತುಟಿ ಒಂದು ಕಡೆ ದನಿ ಒಂದು ಕಡೆ ಆಗುವುದು. ಮೇಡಂ "ಆ" ಎಂದು ಬಾಯಿ ತೆರೆದು ಕಲ್ಲಾಗಿಬಿಡುವರು, ತೆರೆಯ ಮಧ್ಯದಲ್ಲಿ ಒಂದು ಉಂಗುರ ಸುತ್ತುತ್ತಲೇ ಇರುವುದು. ಸಂಘಮಿತ್ರಾ ಡಬ್ಬಿಯನ್ನು ಆರಿಸಿ ಹಾಕಿದಳು, ಬಟ್ಟೆಯಲ್ಲಿ ಒರೆಸಿದಳು, ಕೊಂಬುಗಳನ್ನು ಅತ್ತ ಇತ್ತ ತಿರುಗಿಸಿದಳು. ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಒಂದು ಹೆಣ್ಣು ದನಿ "ನಿಮ್ಮ ಸಂಪರ್ಕ ಸರಿಯಾಗಿದೆ" ಎಂದಿತು. ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದ ಮಹೇಂದ್ರ, "ಅನ್‌ಲಿಮಿಟೆಡ್ ಅಲ್ವಾ, ಅದೆಂಗೆ ಕಮ್ಮಿಯಾಯ್ತದೆ? ಮೋಡಕ್ಕಿರಬೇಕು" ಎಂದ. ಆಕಾಶ ನೋಡಿದರೆ ಒಂದು ಚೂರೂ ಮೋಡವಿರಲಿಲ್ಲ.

ಮಗು ನಿಂತು ನಿಂತು ಮಾತಾಡುವುದನ್ನು ಮೇಡಮ್ಮಿಗೆ ಹೇಳಿದಾಗ ಅವರೂ ತಬ್ಬಿಬ್ಬಾದರು.

"ನಾನು ಅದನ್ನ ಕಣ್ಣಾರೆ ನೋಡ್ಬೇಕಲ್ಲಮ್ಮ. ಇಲ್ಲಿ ಎಲ್ಲಾನೂ ನಿಂತು ನಿಂತೇ ಬರ್ತಿದೆ. ನಿಲ್ತಿರೋದು ಮಗುವೋ ನೆಟ್ಟೋ ನನಗೆ ಗೊತ್ತಾಗ್ತಿಲ್ಲ. ಮುಂದಿನ ಪಾಠದಲ್ಲೂ ಹೀಗೇ ಆದ್ರೆ ನರದ ಡಾಕ್ಟರಿಗೆ ಬರೆದುಕೊಡ್ತೀನಿ. ತಲೆ ಸ್ಕ್ಯಾನ್ ಮಾಡಿಸಿಬಿಡಿ, ಒಳ್ಳೇದು."

ತಲೆ ಸ್ಕ್ಯಾನ್ ಎಂಬ ಮಾತು ಬಂದ ಮೇಲೆ, ಆ ಪಾಠಕ್ಕೆ ಮೊದಲೇ ನೆಟ್ ಸರಿಮಾಡಿಸಲೇಬೇಕು ಎಂದುಕೊಂಡಳು ಸಂಘಮಿತ್ರಾ. ಮುಂದಿನ ಪಾಠದ ದಿನ ಬೆಳಿಗ್ಗೆಯೇ ಮಗುವನ್ನು ಅದೇ ಬೀದಿಯ ಮುತ್ತಮ್ಮನ ಮನೆಯಲ್ಲಿ ಬಿಟ್ಟು ನರಸೀಪುರದ ಬಸ್ಸು ಹತ್ತಿದಳು. "ನಾನೂ ಬತ್ತೀನಿ ಇರವ್ವ" ಎಂದು ಚಲುವಮ್ಮನೂ ಹೊರಟಳು.

ರವಿಚಂದ್ರ ಕಂಪ್ಯೂಟರಿನಲ್ಲಿ ನೋಡಿ, "ನಿಮ್ದು ಲಿಮಿಟ್ ಮುಗ್ದೋಗದೆ ಅಕ್ಕ" ಎಂದ.

"ಲಿಮಿಟ್ಟಾ? ಅನ್‌ಲಿಮಿಟೆಡ್ ಅಂದ್ರಲ್ಲ."

"ಅನ್‌ಲಿಮಿಟೆಡ್ಡೇ. ನೆಟ್ಟೇನು ನಿಂತೋಗಿದ್ದಾ? ಬತ್ತಾನೇ ಅದೆ. ಇಷ್ಟು ಜಿಬಿ ಅಂತ ಇರ್ತದೆ, ಅದು ದಾಟುದ್ರೆ ಸ್ಪೀಡ್ ಇಳೀತದೆ. ಹೊಸ ತಿಂಗ್ಳು ಬಂದ್ರೆ ತಿರ್ಗ ಏರ್ತದೆ."

"ಹಾಗಾದ್ರೆ ಲಿಮಿಟ್ ಇದೆ."

"ಬಳಸಾಕೆ ಲಿಮಿಟ್ ಇಲ್ಲ ಅಕ್ಕ. ಸ್ಪೀಡಿಗೆ ಲಿಮಿಟ್."

"ಸ್ಪೀಡೇ ಇಲ್ದೆ ಬಳಸೋದು ಹೇಗೆ?"

"ನಿಧಾನುಕ್ಕೆ ಬಳಸ್ಬೇಕು."

ಅವನು ಹೇಳಿದ ಒಂದೊಂದು ಮಾತೂ ಸರಿಯಾಗೇ ಇತ್ತು, ಎಲ್ಲ ಸೇರಿಸಿದರೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಚಲುವಮ್ಮ ಮುಂದೆ ಬಂದಳು.

"ಅಲ್ಲ ಕಣ್ಲಾ ರವಿ, ಮುಗಿಯದೇ ಇಲ್ಲ ಅಂದಿದ್ದೆ ನೀನು."

"ಮುಗ್ದಿಲ್ಲ ಕಣವ್ವ."

"ಈಗ್ತಾನೆ ಮುಗ್ದೋಗದೆ ಅಂದೆ."

"ಅದು ಸ್ಪೀಡಿಂದು."

"ನಿನ್ನ ಮದ್ವೇಲೂ ಇಂಗೇ ಮಾಡ್ದೆ ಕಣ್ಲಾ. ಅನ್ನ ಬೇಕಾದಂಗದೆ ಉಣ್ಣಿ ಉಣ್ಣಿ ಅಂತ ಕೂರ್ಸುದ್ರಿ, ಸಾರೇ ಇಲ್ಲ."

ಪಕ್ಕದ ಟೇಬಲಿನವರು ನಕ್ಕರು. ರವಿಚಂದ್ರನೂ ನಕ್ಕ. ಸಂಘಮಿತ್ರಾಳಿಗೆ ನಗು ಬರಲಿಲ್ಲ. "ಒಂದು ಮಗು ಪಾಠಕ್ಕೆ ಅಷ್ಟೊಂದು ಜಿಬಿ ಹೇಗೆ ಖರ್ಚಾಗುತ್ತೆ?" ಎಂದು ಕೇಳಿದಳು.

"ಒಂದು ಕೂಸಿಗೆಲ್ಲಿ ಕಣವ್ವ?" ಎಂದಳು ಚಲುವಮ್ಮ, ಗೊತ್ತಿರುವುದನ್ನೇ ಕೇಳುತ್ತಿದ್ದೀಯಲ್ಲ ಎಂಬಂತೆ. "ಬೀದಿಯೋರೆಲ್ಲ ನಮ್ಮ ನೆಟ್ಟನ್ನೇ ಆಕ್ಕಂಡವ್ರಲ್ಲ. ಮುತ್ತಮ್ಮ, ಬಸವಣ್ಣ, ಆ ಕಡೆ ಶಿವಮೂರ್ತಿ ಮನೆಯೋರು. ಕೇಳುದ್ರು, ಕೊಟ್ಟೆ. ಕೂಸಿನ ಎಸ್ರು, ಉಟ್ಟಿದ ವರ್ಸ, ಅಷ್ಟೇ ತಾನೇ ಅದ್ರ ಗುಟ್ಟು?"

"ಅತ್ತೆ, ನೀವು ಪಾಸ್‌ವರ್ಡ್ ಎಲ್ಲರಿಗೂ ಕೊಟ್ರಾ?"

"ಮುಗಿಯದೇ ಇರದ್ನ ಇಲ್ಲ ಅನ್ನಕಾಯ್ತದಾ? ಅದೆಂತ ಬಾಳು?"

"ಪಾಸ್‌ವರ್ಡ್ ಬದಲಾಯ್ಸಿ ಅಕ್ಕ, ಅದೇ ಸರಿ" ಎಂದ ರವಿಚಂದ್ರ. ಅವರು ಮೆಟ್ಟಿಲಿಳಿಯುವಾಗ ಹಿಂದಿನಿಂದ ಇನ್ನೊಂದು ಮಾತು ಸೇರಿಸಿದ: "ಈ ನಿಧಾನದಲ್ಲೂ ಒಂದು ವಿಡಿಯೊ ಕಾಲ್ ಓಡ್ತದೆ. ಒಬ್ರೇ ಆದ್ರೆ."

ಬಸ್ಸಿನಲ್ಲಿ ಸಂಘಮಿತ್ರಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಸಿಟ್ಟು ಯಾರ ಮೇಲೆ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಅತ್ತೆಯ ಮೇಲೆಯೇ ಎಂದುಕೊಂಡರೆ, ಅವಳು ಕೇಳಿದ್ದೂ ತಾನು ಕೇಳಿದ್ದೂ ಒಂದೇ ಮಾತು. ಪಾಸ್‌ವರ್ಡ್ ಬದಲಾಯಿಸುವುದು ಕ್ಷಣದ ಕೆಲಸ. ಆದರೆ ಬಾಣಂತನದಲ್ಲಿ ಮೈತ್ರಿಗೆ ನೀರೆರೆದು, ಕಾಲ ಮೇಲೆ ಮಲಗಿಸಿಕೊಂಡು ಮೂಗು ತೀಡಿದವಳು ಮುತ್ತಮ್ಮ. ಅವಳ ಮಗಳು ರಾಣಿ ನರ್ಸಿಂಗ್ ಓದುತ್ತಿರುವುದು ಇದೇ ನೆಟ್ಟಿನಲ್ಲಿ. ನಾಳೆ ಬೆಳಿಗ್ಗೆ ಆ ಬಾಗಿಲ ಮುಂದೆ ಹೇಗೆ ಹಾದುಹೋಗುವುದು?

"ಒಬ್ರೇ ಆದ್ರೆ ಅಂದ್ನಾ ಅವನು?" ಎಂದು ಚಲುವಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ಹೂಂ."

"ಅಂಗಂದ್ರೆ ತೂಬು ಪೂರ್ತಿ ಇಳ್ಸಿಲ್ಲ. ಜಿನುಗು ನೀರು ಬುಟ್ಟವ್ರೆ. ಜಿನುಗು ನೀರು ಒಂದು ಮಡೀಗೆ ಸಾಕಾಯ್ತದೆ, ಎಲ್ರೂ ಒಟ್ಗೆ ಕಟ್ಕಂಡ್ರೆ ಯಾರ್ಗೂ ಸಾಲಲ್ಲ."

"ಅತ್ತೆ, ಇದು ನೀರಲ್ಲ."

"ನಾನೆಲ್ಲವ್ವ ನೀರು ಅಂದೆ?"

ಸಂಜೆ ಪಾಠಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಚಲುವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗಿಳಿದಳು. ಸಂಘಮಿತ್ರಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆ ಮೊದಲ ಮನೆಯಿಂದ ಶುರುಮಾಡಲಿಲ್ಲ. ನೇರ ಬೀದಿಯ ತುದಿಗೆ ಹೋಗಿ ಅಲ್ಲಿಂದ ಒಂದೊಂದೇ ಬಾಗಿಲು ತಟ್ಟುತ್ತಾ ಬಂದಳು. ಸರದಿ ಕಟ್ಟುವಾಗ ಕೊನೆಯ ಗದ್ದೆಯಿಂದ ಬರಬೇಕಂತೆ.

ಜಗುಲಿಯಲ್ಲಿದ್ದ ಶಿವಮೂರ್ತಿ ಫೋನಿನಿಂದ ತಲೆಯೆತ್ತಿ, "ಏನಮ್ಮೋ, ನಾಲೇಲಿ ನೀರು ಬುಟ್ರಾ?" ಎಂದ.

"ನೆಟ್ಟು ಕಣ್ಲಾ. ಮುಚ್ಚು. ನಮ್ಮ ಕೂಸಿನ ಪಾಠ ಅದೆ. ಅದು ಮುಗಿಯೋಗಂಟ ಯಾರೂ ಕಟ್ಕಳಂಗಿಲ್ಲ."

"ಅರ್ಧ ಸಿನಿಮಾ ನೋಡ್ಬುಟ್ಟಿವ್ನಿ ಅಮ್ಮ."

"ಇನ್ನರ್ಧ ಎಲ್ಗೂ ಓಡೋಗಲ್ಲ."

ಬಸವಣ್ಣನ ಮನೆಯಲ್ಲಿ ಟಿವಿ ಜೋರಾಗಿತ್ತು. "ನಂದು ಡಿಶ್ಶು ಕಣವ್ವ. ನಿಮ್ಮ ನೆಟ್ಟಿಗೂ ಇದಕ್ಕೂ ಏನೂ ಇಲ್ಲ" ಎಂದ.

"ಅದ್ನೂ ಮುಚ್ಚು. ಯಾವ ಕಿಂಡೀಲಿ ಸೋರ್ತದೋ ಯಾರು ಕಂಡೋರು."

ಗೊಣಗುತ್ತಲೇ ಅವನು ಟಿವಿ ಆರಿಸಿದ. ರಾಣಿ ಪುಸ್ತಕ ಹಿಡಿದು ಹೊರಗೆ ಬಂದು ಕುಳಿತಳು. ಮುತ್ತಮ್ಮ ಒಂದು ಹೆಜ್ಜೆ ಮುಂದೆ ಹೋಗಿ ಮಿಕ್ಸಿಯನ್ನೂ ನಿಲ್ಲಿಸಿ, ಚಟ್ನಿಯನ್ನು ಒರಳಿಗೆ ಹಾಕಿಕೊಂಡಳು. ಸಂಘಮಿತ್ರಾಳಿಗೆ ನಾಚಿಕೆಯಾಯಿತು. ಡಿಶ್ಶಿಗೂ ಮಿಕ್ಸಿಗೂ ಸಂಬಂಧವಿಲ್ಲ ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಯಾವುದಕ್ಕೆ ಯಾವುದು ಸಂಬಂಧ ಎಂದು ಬೆಳಗಿನಿಂದ ಅವಳಿಗೇ ಕಲಸಿಹೋಗಿತ್ತು. ಒಳಗೆ ಬಂದು ಮಗಳನ್ನು ಫೋನಿನ ಮುಂದೆ ಕೂರಿಸಿದಳು.

ಮಧುಶ್ರೀ ಮೇಡಂ ಬಂದರು. ಮುಖ ಪೂರ್ತಿ ಬಂದಿತು, ಚೌಕವಾಗಲಿಲ್ಲ. "ಮೈತ್ರೀ, ಇದೇನು ಹೇಳು? ಆನೆ" ಎಂದರು. ತುಟಿ ಮತ್ತು ದನಿ ಒಟ್ಟಿಗೇ ಬಂದವು. ಮೈತ್ರಿ ಕಾದಳು. ಇನ್ನೂ ಏನೋ ಆಗಬೇಕಿತ್ತು, ಆಗಲಿಲ್ಲ ಎಂಬಂತೆ ಅಮ್ಮನ ಮುಖ ನೋಡಿದಳು. ಆಮೇಲೆ ತಾನೇ "ಆ" ಎಂದು ಬಾಯಿ ತೆರೆದು, ಕೈ ಎತ್ತಿ, ನಿಂತುಬಿಟ್ಟಳು.

ಸಂಘಮಿತ್ರಾ ಮಗಳನ್ನು ಮುಟ್ಟದೆ ಮೇಡಮ್ಮಿನ ಕಡೆ ನೋಡಿದಳು.

"ಹಲೋ? ಕೇಳಿಸ್ತಿದೆಯಾ?" ಮೇಡಂ ತಮ್ಮ ಫೋನನ್ನು ತಟ್ಟಿದರು. "ಮತ್ತೆ ನೆಟ್ ಹೋಯ್ತು ಅನ್ಸುತ್ತೆ." ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದರು. "ಅಲ್ಲ, ಹಿಂದೆ ಫ್ಯಾನ್ ತಿರುಗ್ತಾ ಇದೆಯಲ್ಲ."

"ನೆಟ್ ಇದೆ ಮೇಡಂ" ಎಂದಳು ಸಂಘಮಿತ್ರಾ. "ಇದೇ ನಾನು ಹೇಳಿದ್ದು."

ಮೇಡಂ ಮೈತ್ರಿಯನ್ನೇ ದಿಟ್ಟಿಸಿದರು. ಆಮೇಲೆ ಅವರೂ "ಆ" ಎಂದು ಬಾಯಿ ತೆರೆದು, ಕೈ ಎತ್ತಿ, ಅಲುಗಾಡದೆ ನಿಂತರು. ಅತ್ತ ಒಬ್ಬರು, ಇತ್ತ ಒಬ್ಬರು, ಬಾಯಿ ತೆರೆದ ಎರಡು ಗೊಂಬೆಗಳು. ಮೊದಲು ಮೈತ್ರಿಯ ಕಣ್ಣಾಲಿ ಹೊರಳಿತು. ಆಮೇಲೆ ತುಟಿಯ ಅಂಚು ಅದುರಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಾ ಫೋನಿನ ಕಡೆ ಬೆರಳು ಮಾಡಿ ಅವಳು ಅಂದಳು:

"ಮಿಸ್ಸು ನಿಂತೋಯ್ತು."

ಮೇಡಂ ಕೈ ಇಳಿಸಿದರು. "ಕೇಳಿಸ್ಕೊಂಡ್ರಾ? ಎರಡು ಪದ ಕೂಡಿಸಿದಳು. ಇದು ಕಾಯಿಲೆ ತರ ಕಾಣ್ತಿಲ್ಲಮ್ಮ. ಇವಳು ನನ್ನನ್ನ ನೋಡಿ ಕಲಿತಿದಾಳೆ. ಬಾಯಿ ತೆಗೆದು, ನಿಂತು, ಆಮೇಲೆ ಮುಗಿಸೋದೇ ಮಾತು ಅಂದ್ಕೊಂಡಿದಾಳೆ. ಇನ್ನಷ್ಟು ಪಾಠ ನೋಡ್ತೀನಿ. ಸ್ಕ್ಯಾನ್ ಈಗ ಬೇಡ. ನೆಟ್ ಮಾತ್ರ ಹೀಗೇ ಇಟ್ಕೊಳ್ಳಿ."

ಸಂಘಮಿತ್ರಾ ತಲೆಯಾಡಿಸಿದಳು.

ಪಾಠ ಮುಗಿಸಿ ಹೊರಗೆ ಬಂದಾಗ ಬೀದಿ ಎಂದೂ ಇಲ್ಲದಷ್ಟು ಮೌನವಾಗಿತ್ತು. ಮುತ್ತಮ್ಮನ ಒರಳಿನ ಸದ್ದು ಮಾತ್ರ ಕೇಳುತ್ತಿತ್ತು. ಜನರೆಲ್ಲ ಜಗುಲಿಗಳಲ್ಲಿ ಕೈಕಟ್ಟಿ ಕೂತಿದ್ದರು. ನಟ್ಟನಡುವೆ ಚಲುವಮ್ಮ ಕಾವಲಿಗೆ ನಿಂತವಳಂತೆ ನಿಂತಿದ್ದಳು.

"ಏನಂದ್ರವ್ವ?"

"ಏನೂ ಇಲ್ವಂತೆ ಅತ್ತೆ. ನೆಟ್ ನಿಲ್ಲೋದನ್ನ ನೋಡಿ ಇವಳೂ ನಿಲ್ತಿದ್ಲಂತೆ." ಹೇಳುತ್ತಿದ್ದಂತೆ ಅವಳಿಗೆ ಅಳು ಬಂತು, ಅದಕ್ಕೆ ಕಾರಣವೂ ತಿಳಿಯಲಿಲ್ಲ.

ಚಲುವಮ್ಮ ಸೊಸೆಯ ಬೆನ್ನು ಸವರಿದಳು. ಆಮೇಲೆ ಬೀದಿಯ ಕಡೆ ತಿರುಗಿ, ಏರಿ ಮೇಲಿನ ಹಳೆಯ ದನಿಯಲ್ಲಿ, "ಬುಟ್ಕಳ್ರಪ್ಪೋ" ಎಂದಳು. ಟಿವಿಗಳು ಒಂದೊಂದಾಗಿ ಬಾಯಿಬಿಟ್ಟವು.

"ಒಸ ತಿಂಗ್ಳು ಬಂದು ಸ್ಪೀಡ್ ಏರುದ್ಮೇಲೂ ಮುಚ್ಬೇಕಾ ಅಮ್ಮ?" ಎಂದು ಶಿವಮೂರ್ತಿ ಕೇಳಿದ.

"ಸರದಿ ಅಂದ್ಮೇಲೆ ಸರದಿ ಕಣ್ಲಾ."

ಬಸವಣ್ಣ ಎದ್ದು ಬಂದು ಸಂಘಮಿತ್ರಾಳ ಮುಂದೆ ನಿಂತ. "ನಾ ಮೊದ್ಲು ನಂಬ್ನಿಲ್ಲ ಕಣವ್ವ. ಈಗ ನೋಡು, ನಾನು ಡಿಶ್ಶು ಮುಚ್ಚುದ್ಕೆ ತಾನೇ ನಿಮ್ಗೆ ಸಲೀಸಾಗಿ ಬಂದದ್ದು?"

ಹಾಗಲ್ಲ ಅಣ್ಣ ಎಂದು ಹೇಳಲು ಅವಳು ಬಾಯಿ ತೆರೆದಳು, ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ, "ಇರಬಹುದು ಬಸವಣ್ಣ" ಎಂದಳು.